ನುಂಗಿದ ಔಷಧವೆಲ್ಲ ಮೈಗೆ ಹತ್ತುವುದೇ?

ಚೆನ್ನೈಯ ಹೋಟೆಲುಗಳಲ್ಲಿ ದುಡಿಯುವ ನಮ್ಮ ಬಾಂಧವರ ಕೈಕಾಲುಗಳು ದಿನದ ಬಹುಭಾಗ ನೀರಿನಲ್ಲಿಯೇ ಇರುತ್ತವೆ. ಕಡಲ ಕರೆಯ ಸೆಕೆ ಬೇರೆ. ಹುಳುಕಡ್ಡಿ ಹತ್ತುವುದರಲ್ಲಿ ಆಶ್ಚರ್ಯವೇನಿದೆ? ವೈದ್ಯರು ಇಟ್ರಕೊನಜೋಲ್ ಗುಳಿಗೆಯನ್ನು ಬರೆದುಕೊಡುತ್ತಾರೆ. ಅದು ನೀರಿನಲ್ಲಿ ಕರಗಲೊಲ್ಲದ ವಸ್ತು. ಸಾಮಾನ್ಯ ಗುಳಿಗೆಯಾದರೆ ಹೊಟ್ಟೆ ತುಂಬ ಉಂಡೊಡನೆ ಸೇವಿಸಬೇಕು. ಜಠರದಲ್ಲಿ ಆಮ್ಲವೂ ಇರಬೇಕು. ನಮ್ಮವರೋ, ಗಿರಾಕಿಗಳೆಲ್ಲ ಎದ್ದುಹೋದ ಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ಉಣ್ಣುವವರು. ಅದರಿಂದ ಬಂದ ಎದೆಯುರಿಗೆ ಆಮ್ಲವನ್ನಡಗಿಸುವ ಮಾತ್ರೆ ನುಂಗುವವರು. ಔಷಧವು ರಕ್ತಕ್ಕೆ ಸೇರುವುದು ಆಗ ಕಡಿಮೆಯಾಗುತ್ತದೆ. ಹಣ ಹೋಯಿತು, ರೋಗ ಉಳಿಯಿತು. ದೂರು ಮಾತ್ರ ವೈದ್ಯರ ಮೇಲೆ!

ಇಂತಹ ಔಷಧಗಳನ್ನು ಕರಗಿಸಲು ವಿಜ್ಞಾನಿಗಳು ಕಂಡುಕೊಂಡ ಒಂದು ಉಪಾಯವು ನಮ್ಮ ಅಡುಗೆಮನೆಗೆ ಹೊಸದಲ್ಲ. ಕಲ್ಲುಸಕ್ಕರೆಗಿಂತ ಪುಡಿಸಕ್ಕರೆ ಬೇಗ ಕರಗುವುದನ್ನು ಬಲ್ಲವರಿಗೆ ಅದನ್ನು ವಿವರಿಸಬೇಕಾಗಿಯೇ ಇಲ್ಲ. ದೋಸೆಯ ಹಿಟ್ಟನ್ನು ರುಬ್ಬುವಂತೆ, ಔಷಧದ ಹರಳುಗಳನ್ನು ನೀರು ಮತ್ತು ಸಣ್ಣ ಗುಂಡುಗಳೊಡನೆ ಯಂತ್ರದಲ್ಲಿ ತಿರುವಿ ನಯಗೊಳಿಸುತ್ತಾರೆ. ಆ ಕಣಗಳನ್ನು ಅಳೆಯಲು ಮೀಟರಿನ ನೂರು ಕೋಟಿಯಲ್ಲೊಂದು ಪಾಲಾದ ನ್ಯಾನೊಮೀಟರೇ ಬೇಕು. ಕಣದ ಅಡ್ಡಳತೆ ಸಾವಿರದಲ್ಲೊಂದು ಪಾಲಾದರೆ, ಅದೇ ತೂಕದ ಪುಡಿಯ ಮೈ ಸಾವಿರ ಪಟ್ಟು ಹಿಗ್ಗುತ್ತದೆ. ಕಣಗಳು ಮತ್ತೆ ಮುದ್ದೆಗಟ್ಟದಂತೆ ಮೇಲೊಂದು ತೆಳುಲೇಪ. ಇಷ್ಟೇ ಗುಟ್ಟು. ರಕ್ತದ ಕೊಬ್ಬಿಗೆ ಕೊಡುವ ಫೆನೊಫೈಬ್ರೇಟ್ ಹಿಂದೆ 200 ಮಿಲಿಗ್ರಾಂ ಬೇಕಾಗಿದ್ದು, ಊಟದೊಡನೆಯೇ ತೆಗೆದುಕೊಳ್ಳಬೇಕಾಗಿತ್ತು. ನ್ಯಾನೊ ರೂಪದಲ್ಲಿ 145 ಸಾಕು, ಊಟದ ಹಂಗೂ ಇಲ್ಲ. ಹೊತ್ತಿಗೆ ಊಟವಿಲ್ಲದ ದುಡಿಮೆಗಾರನಿಗೆ ಇದು ಸಣ್ಣ ಉಪಕಾರವಲ್ಲ.

ಇಟ್ರಕೊನಜೋಲನ್ನೂ ಬೇರೊಂದು ವಿಧಾನದಿಂದ ಸುಲಭವಾಗಿ ಹೀರಲ್ಪಡುವಂತೆ ಮಾಡಿದ್ದಾರೆ. ಅದರ 65 ಮಿಲಿಗ್ರಾಂ ಹಳೆಯ 100ರ ಕೆಲಸವನ್ನು ಮಾಡುತ್ತದೆ. ನಮಗೆ ಆತಂಕವಿರುವುದು ಇಲ್ಲಿಯೇ. ಅಂಕಿ ಕಿರಿದಾಯಿತೆಂದು ಎರಡು ನುಂಗಿದವನ ಗತಿ ಏನು? ಈ ಔಷಧವು ಯಕೃತ್ತಿಗೆ ಹಾನಿ ಮಾಡಬಲ್ಲುದು. ಆದುದರಿಂದ ಹಳೆಯ ಚೀಟಿ ತೋರಿಸಿ ಬೇರೆ ರೂಪದ ಗುಳಿಗೆಯನ್ನು ತಾವಾಗಿಯೇ ಕೊಳ್ಳಬಾರದೆಂದು ವಾಚಕರಲ್ಲಿ ಬಿನ್ನವಿಸುತ್ತೇವೆ. ಇನ್ನು, ನ್ಯಾನೊ ಎಂಬ ಹೆಸರಿಟ್ಟು ಅರಿಶಿನವನ್ನೂ ದುಬಾರಿ ಬೆಲೆಗೆ ಮಾರುವವರಿದ್ದಾರೆ. ಅವರ ಮಾತು ಬೇರೆ.

ಸರ್ಕಾರಿ ಆಸ್ಪತ್ರೆಗಳಿಗಾಗಿ ಔಷಧ ಕೊಳ್ಳಲು 1994ರಲ್ಲಿ ಸ್ಥಾಪಿತವಾದ ತಮಿಳುನಾಡು ವೈದ್ಯಕೀಯ ಸೇವಾ ನಿಗಮವು ಈ ನಗರದಲ್ಲಿಯೇ ಇದೆ. ಕರಗದ ಔಷಧಗಳನ್ನು ಕೊಳ್ಳುವಾಗ ಬೆಲೆಯೊಂದನ್ನೇ ನೋಡದೆ, ರಕ್ತಕ್ಕೆ ಎಷ್ಟು ಸೇರುವುದೆಂಬುದನ್ನೂ ನೋಡಬೇಕು. ಊಟಕ್ಕೆ ಮೊದಲೋ, ಊಟದೊಡನೆಯೋ ಎಂಬುದನ್ನು ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಬೇಕು. ತಮಿಳಿನಲ್ಲಿದ್ದರೂ ಸರಿಯೆ, ನಮ್ಮ ಹುಡುಗರು ಓದಿಸಿಕೊಂಡಾರು.