ತೆರಿಗೆಯ ಹಠಾತ್ ಏಟು ಮತ್ತು ಒಂದೇ ಕಾರಿನ ಮಾಲಿಕ

ಚಾಮರಾಜನಗರದಲ್ಲಾಗಲಿ ಗುಂಡ್ಲುಪೇಟೆಯಲ್ಲಾಗಲಿ ಹಳದಿ ಫಲಕದ ಕಾರು ನಿಲ್ಲಿಸಿಕೊಂಡು ಬಾಡಿಗೆಗಾಗಿ ಕಾಯುವವರನ್ನು ಮಾತಾಡಿಸಿ ನೋಡಿ. ಮಾಲಿಕನೂ ಅವನೇ, ಚಾಲಕನೂ ಅವನೇ. ಬಂಡವಾಳವೆಂದರೆ ಬಡ್ಡಿಯ ಸಾಲ. ಮದುವೆಯ ದಿಬ್ಬಣಕ್ಕೋ ಊಟಿ, ವಯನಾಡಿನ ಪ್ರವಾಸಕ್ಕೋ ಹದಿನೈದು ದಿನ ಮೊದಲೇ ಬಾಡಿಗೆ ಮಾತಾಡಿ ಮುಂಗಡ ಪಡೆದಿರುತ್ತಾನೆ. ನಮ್ಮ ಮೊಹಲ್ಲಾಗಳ ಎಷ್ಟೋ ಮನೆಗಳ ಒಲೆ ಉರಿಯುವುದು ಈ ಮಾತಿನ ಬಲದಿಂದ. ಆದರೆ ಸರಕಾರಗಳಿಗೆ ಅಂತಹ ಮಾತಿನ ಹಂಗೇನೂ ಇದ್ದಂತಿಲ್ಲ.

2024ರ ಲೋಕಸಭಾ ಚುನಾವಣೆಯ ಫಲಿತಾಂಶ ಹೊರಬಿದ್ದ ಹನ್ನೊಂದನೆಯ ದಿನ, ಜೂನ್ 15ರಂದು, ರಾಜ್ಯ ಸರಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 14.34ರಿಂದ ಶೇ. 18.44ಕ್ಕೆ ಏರಿಸಿತು. ಲೀಟರಿಗೆ ಮೂರು ರೂಪಾಯಿಗಿಂತ ಹೆಚ್ಚು ಹೊರೆ. 2025ರ ಎಪ್ರಿಲ್ 1ರಂದು ಅದು ಶೇ. 21.17ಕ್ಕೆ ಏರಿತು, ಮತ್ತೆರಡು ರೂಪಾಯಿ. ನೆರೆರಾಜ್ಯಗಳಿಗಿಂತ ನಮ್ಮಲ್ಲೇ ಡೀಸೆಲ್ ಅಗ್ಗ ಎಂಬುದು ಸರಕಾರದ ಸಮರ್ಥನೆ. ಇರಬಹುದು. ಆದರೆ ನಿನ್ನೆಯ ದರದಲ್ಲಿ ಒಪ್ಪಿಕೊಂಡ ಬಾಡಿಗೆಗೆ ಇಂದಿನ ಡೀಸೆಲ್ ತುಂಬಿಸುವವನು ಗಿರಾಕಿಯ ಮುಂದೆ ಯಾವ ಮುಖ ಹೊತ್ತು ನಿಲ್ಲಬೇಕು? ಕೇಳಿದರೆ ಮಾತು ತಪ್ಪಿದವನು, ಕೇಳದಿದ್ದರೆ ನಷ್ಟ.

ಇದರ ಬೆನ್ನಿಗೇ ಆಜೀವ ತೆರಿಗೆ. 2025ರ ಮಾರ್ಚ್‌ನಲ್ಲಿ ವಿಧಾನಮಂಡಲ ಅಂಗೀಕರಿಸಿದ ತಿದ್ದುಪಡಿಯು ಹತ್ತು ಲಕ್ಷಕ್ಕಿಂತ ಕಡಿಮೆ ಬೆಲೆಯ ಬಾಡಿಗೆ ಕಾರುಗಳಿಗೂ ಶೇ. 5ರ ಆಜೀವ ತೆರಿಗೆ ವಿಧಿಸಿತು. ಎಂಟು ಲಕ್ಷದ ಕಾರಿಗೆ ನಲವತ್ತು ಸಾವಿರ, ಒಂದೇ ಗಂಟಿನಲ್ಲಿ, ಮೊದಲ ಬಾಡಿಗೆ ಸಿಗುವ ಮುನ್ನವೇ. ದುಡಿಯುತ್ತಾ ಕಂತು ಕಂತಾಗಿ ಕಟ್ಟುವುದಕ್ಕೂ ಸಾಲ ಮಾಡಿ ಒಮ್ಮೆಲೇ ಕಟ್ಟುವುದಕ್ಕೂ ಇರುವ ವ್ಯತ್ಯಾಸ ವಿಧಾನಸೌಧಕ್ಕೆ ತಿಳಿಯದೇ?

ತೆರಿಗೆ ಇಳಿದರಾದರೂ ಸುಖವೇ? 2025ರ ಸೆಪ್ಟೆಂಬರ್ 22ರಿಂದ ಕೇಂದ್ರವು ಚಿಕ್ಕ ಪೆಟ್ರೋಲ್ ಕಾರುಗಳ ಮೇಲೆ ಸೆಸ್ ಸೇರಿ ಶೇ. 29 ಇದ್ದ ಜಿಎಸ್‌ಟಿಯನ್ನು ಶೇ. 18ಕ್ಕೆ ಇಳಿಸಿತು. ಖರೀದಿಸುವವರಿಗೆ ಶುಭವಾರ್ತೆಯೇ. ಆದರೆ ಆ ಜುಲೈನಲ್ಲಿ ಸಾಲದ ಮೇಲೆ ಕಾರು ತೆಗೆದವನ ಗತಿ? ತೆರಿಗೆಗೆ ಮುನ್ನ ಆರು ಲಕ್ಷ ಬೆಲೆಯ ಕಾರಿಗೆ ಅವನು ಅರುವತ್ತಾರು ಸಾವಿರ ಹೆಚ್ಚು ತೆತ್ತಿದ್ದಾನೆ. ಹೊಸ ಕಾರು ಅಗ್ಗವಾದಾಗ ಹಳೆಯದರ ಬೆಲೆಯೂ ಕುಸಿಯುತ್ತದೆ, ಸಾಲದ ಕಂತು ಮಾತ್ರ ಕುಸಿಯುವುದಿಲ್ಲ. ಇನ್‌ಪುಟ್ ಕ್ರೆಡಿಟ್ ಪಡೆಯುವ ದಾರಿ ಆರಿಸಿಕೊಂಡ ದೊಡ್ಡ ಕಂಪೆನಿಯು ಕಾರಿನ ಮೇಲೆ ತೆತ್ತ ತೆರಿಗೆಯನ್ನು ಲೆಕ್ಕದಲ್ಲಿ ಕಳೆದುಕೊಳ್ಳುತ್ತದೆ. ವರ್ಷಕ್ಕೆ ಇಪ್ಪತ್ತು ಲಕ್ಷದ ವಹಿವಾಟೂ ಇಲ್ಲದೆ, ನೋಂದಣಿಯೂ ಇಲ್ಲದ ಒಂದು ಕಾರಿನವನಿಗೆ ಆ ಬಾಗಿಲು ಮುಚ್ಚಿದೆ.

ಪರಿಹಾರ ಅಸಾಧ್ಯವೆನ್ನುವವರು 2017ನ್ನು ನೆನಪಿಸಿಕೊಳ್ಳಲಿ. ಆ ಜುಲೈನಲ್ಲಿ ಜಿಎಸ್‌ಟಿ ಬಂದಾಗ, ಅದಕ್ಕೆ ಮೊದಲೇ ಖರೀದಿಸಿ ಲೀಸ್‌ಗೆ ಕೊಟ್ಟಿದ್ದ ಕಾರುಗಳ ಮೇಲೂ ಪೂರ್ಣ ದರ ಬಿತ್ತು. ಲೀಸಿಂಗ್ ಉದ್ಯಮ ದನಿಯೆತ್ತಿತು. ಅಕ್ಟೋಬರ್‌ನಲ್ಲೇ ಜಿಎಸ್‌ಟಿ ಮಂಡಳಿ ಅಂತಹ ಕಾರುಗಳಿಗೆ ನಿಗದಿತ ದರದ ಶೇ. 65ರಷ್ಟೇ ಸಾಕೆಂದು ಮೂರು ವರ್ಷಗಳ ಮಟ್ಟಿಗೆ ರಿಯಾಯಿತಿ ಕೊಟ್ಟಿತು. ದೊಡ್ಡವರ ಅಳಲು ಮೂರು ತಿಂಗಳಲ್ಲಿ ದಿಲ್ಲಿ ತಲುಪಿತು! ಬೆಂಗಳೂರಿನ ಖಾಸಗಿ ಸಾರಿಗೆಯವರಿಗೂ 2023ರ ಸೆಪ್ಟೆಂಬರ್ 11ರಂದು ನಗರ ಬಂದ್ ನಡೆಸುವಷ್ಟು ಬಲವಿತ್ತು. ಗುಂಡ್ಲುಪೇಟೆಯ ಚಾಲಕ ಒಂದು ದಿನ ಕಾರು ನಿಲ್ಲಿಸಿದರೆ ಅಂದಿನ ಊಟ ತಪ್ಪುವುದು ಅವನ ಮಕ್ಕಳಿಗೆ ಮಾತ್ರ.

ಅವನ ದಾರಿಯಾದರೂ ಸಲೀಸೇ? ಬಂಡೀಪುರದ ಹೆದ್ದಾರಿ 2009ರಿಂದ ರಾತ್ರಿ ಒಂಬತ್ತಕ್ಕೆ ಮುಚ್ಚಿ ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ. ನೀಲಗಿರಿಗೆ 2024ರ ಮೇ 7ರಿಂದ ಇ-ಪಾಸ್ ಬೇಕು. ಕಾಡಿಗಾಗಿ, ಬೆಟ್ಟಕ್ಕಾಗಿ ಮಾಡಿದ ಈ ನಿಯಮಗಳನ್ನು ನಾವು ಆಕ್ಷೇಪಿಸುತ್ತಿಲ್ಲ. ಸಮಯ ನೋಡಿ ಹೊರಡಲು, ಪಾಸ್ ಪಡೆದು ಹೋಗಲು ಅವನು ಕಲಿತಿದ್ದಾನೆ. ಆದರೆ ನಾಳೆಯ ತೆರಿಗೆಯನ್ನು ಇಂದೇ ಊಹಿಸಿ ಬಾಡಿಗೆ ಹೇಳುವ ವಿದ್ಯೆಯನ್ನು ಅವನು ಎಲ್ಲಿ ಕಲಿಯಬೇಕು?

ನಮ್ಮವರಲ್ಲೂ ದೋಷವಿದೆ. ಪ್ರತಿ ಬಾಡಿಗೆಯ ಖರ್ಚು ಬರೆದಿಡುವ ಅಭ್ಯಾಸ ವಿರಳ. ಕಾಗದದಲ್ಲಿ ಲೆಕ್ಕವಿಲ್ಲದವನು ನಷ್ಟವನ್ನು ಅಧಿಕಾರಿಯ ಮುಂದೆ ಸಾಬೀತುಪಡಿಸುವುದು ಹೇಗೆ? ಪದವಿ ಓದಿದ ತರುಣರು ವಾರಕ್ಕೊಂದು ಸಂಜೆ ಈ ಕೆಲಸಕ್ಕೆ ಕೊಡಬಹುದು.

ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಶಾಸಕರು ಮುಂದಿನ ಅಧಿವೇಶನದಲ್ಲಿ ಎರಡು ಮಾತು ಎತ್ತಲಿ. ಒಂದೇ ಕಾರು ಇರುವವರಿಗೆ ಆಜೀವ ತೆರಿಗೆಯನ್ನು ಬಡ್ಡಿಯಿಲ್ಲದ ಕಂತುಗಳಲ್ಲಿ ಕಟ್ಟುವ ಅವಕಾಶವಿರಲಿ. ಡೀಸೆಲ್ ಮೇಲಿನ ತೆರಿಗೆ ಏರಿಸುವುದೇ ಆದರೆ ಕನಿಷ್ಠ ಒಂದು ತಿಂಗಳು ಮೊದಲು ತಿಳಿಸಲಿ. ಅಷ್ಟರಲ್ಲಿ ಮುಂಗಡ ಪಡೆದ ಬಾಡಿಗೆಗಳೆಲ್ಲ ಮುಗಿದಿರುತ್ತವೆ.