ಸೆಕೆಂಡ್ ಹ್ಯಾಂಡ್ ಹೀರೋ!

ಈ ವಾರದ ಟಪಾಲಿನಲ್ಲಿ ಓದುಗ ಮಿತ್ರರೊಬ್ಬರು ಕೇಳಿದ್ದಾರೆ: "ರಾಜ್ಯೋತ್ಸವಕ್ಕೆ ನಮ್ಮ ಬೀದಿ ಹುಡುಗರೆಲ್ಲ ಹಳೇ ಹೀರೋಗಳ ಗೆಟಪ್ಪಿನಲ್ಲಿ ಸೈಕಲ್ ಮೆರವಣಿಗೆ ಹೊರಡ್ತಿದ್ದೀವಿ. ಬೆಲ್‌ಬಾಟಮ್ ಎಲ್ಲಿ ಸಿಗುತ್ತೆ ಸಾರ್? ಕೈಯಲ್ಲಿರೋದು ಐನೂರೇ ರೂಪಾಯಿ!"

ಐನೂರು ಧಾರಾಳವಾಯಿತು ಮಾರಾಯ್ರೇ! ಹೋದ ವರ್ಷ ನಾನೇ ಮಾಡಿ ನೋಡಿದ್ದೇನೆ. ಹೇಗೆ ಅಂತ ಹೇಳ್ತೀನಿ, ಕೇಳಿ. ಆದರೆ ಕ್ಲೈಮ್ಯಾಕ್ಸಿಗೆ ಮುಂಚೆ ಎದ್ದು ಹೋಗಬೇಡಿ. ನಿಮ್ಮ ಹತ್ತಿರ ಒಪ್ಪಿಕೊಳ್ಳಬೇಕಾದ ಒಂದು ತಪ್ಪಿದೆ.

ಭಾನುವಾರ ಬೆಳಿಗ್ಗೆ ಆರೂವರೆಗೆ ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದು ಚಿಕ್ಕಪೇಟೆ ಕಡೆ ಹೆಜ್ಜೆ ಹಾಕಿದೆ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಆಸುಪಾಸಿನಲ್ಲಿ ಸಂಡೇ ಬಜಾರ್. ಮುಚ್ಚಿದ ಅಂಗಡಿಗಳ ಮುಂದೆ ಟಾರ್ಪಾಲು ಹಾಸಿ ಹಳೇ ರೇಡಿಯೋ, ಹಳೇ ಬೂಟು, ಗಡಿಯಾರ, ಸ್ಪ್ಯಾನರು, ಏನುಂಟು ಏನಿಲ್ಲ! ಪಕ್ಕದಲ್ಲೇ ಬೆಟ್ಟದ ಹಾಗೆ ಬಟ್ಟೆ ರಾಶಿ. ನಿಮ್ಮಮ್ಮ ಹಳೇ ಬಟ್ಟೆ ಕೊಟ್ಟು ಸ್ಟೀಲ್ ಪಾತ್ರೆ ತಗೊಂಡಿದ್ದು ನೆನಪಿದೆಯಾ? ಅಂಥ ಬಟ್ಟೆಗಳನ್ನು ಯಾರೋ ಒಗೆದು, ಗುಂಡಿ ಹೊಲಿದು, ಇಸ್ತ್ರಿ ಹಾಕಿ ಇಂಥ ಫುಟ್‌ಪಾತಿಗೆ ತರುತ್ತಾರೆ. ಬೆಳಿಗ್ಗೆ ಬೇಗ ಹೋದವನಿಗೆ ಒಳ್ಳೆ ಮಾಲು. ಹತ್ತು ಗಂಟೆ ಮೇಲೆ ಹೋದವನಿಗೆ ನೂಕುನುಗ್ಗಲು ಮಾತ್ರ.

ಆರಿಸೋಕೆ ಮುಂಚೆ ಯಾವ ಕಾಲದ ಹೀರೋ ಅಂತ ನಿರ್ಧಾರ ಮಾಡಿಕೊಳ್ಳಿ. ಅಣ್ಣಾವ್ರ ಬಾಂಡ್ ಚಿತ್ರಗಳನ್ನೇ ತಗೊಳ್ಳಿ. 'ಜೇಡರ ಬಲೆ' ಬಂದದ್ದು 1968ರಲ್ಲಿ, ಆಗ ಕಿರಿದಾದ ಪ್ಯಾಂಟಿನ ಕಾಲ. 'ಆಪರೇಷನ್ ಡೈಮಂಡ್ ರಾಕೆಟ್' 1978ರದ್ದು, ಅಷ್ಟರಲ್ಲಿ ಪ್ಯಾಂಟಿನ ಕೆಳಭಾಗ ಗಂಟೆಯ ಹಾಗೆ ಅರಳಿ, ಕಾಲರ್ ಉದ್ದವಾಗಿ ಚೂಪಾಗಿತ್ತು. 2019ರಲ್ಲಿ ಜಯತೀರ್ಥ ನಿರ್ದೇಶನದ 'ಬೆಲ್ ಬಾಟಮ್'ನಲ್ಲಿ ರಿಷಬ್ ಶೆಟ್ಟಿ ಡಿಟೆಕ್ಟಿವ್ ದಿವಾಕರನಾಗಿ ಬಂದರಲ್ಲ, ಅದು ಎಂಬತ್ತರ ದಶಕದ ಕಥೆ. ಕಿರಿದು ಪ್ಯಾಂಟಿಗೆ ಉದ್ದ ಕಾಲರ್ ಸೇರಿಸಿದರೆ ಎರಡು ಪಿಕ್ಚರಿನ ರೀಲು ಅದಲುಬದಲಾದ ಹಾಗೆ!

ರಾಶಿಯಲ್ಲಿ ಹಳೇ ಮಾಲು ಸಿಕ್ಕಿದರೆ ಹೆಚ್ಚಾಗಿ ಟೆರಿಲಿನ್ನೋ ಟೆರಿಕಾಟೋ ಆಗಿರುತ್ತೆ. ಯಾಕೆ ಅಂದರೆ ಹತ್ತಿ ಬಟ್ಟೆ ಒಗೆದೂ ಒಗೆದೂ ಸವೆದುಹೋಗುತ್ತೆ, ಪಾಲಿಯೆಸ್ಟರು ಸುಲಭಕ್ಕೆ ಹರಿಯಲ್ಲ, ಬಣ್ಣವೂ ಬಿಡಲ್ಲ. ಬೆವರು ಮಾತ್ರ ಹೀರಲ್ಲ, ಅದನ್ನು ಸಹಿಸಿಕೊಳ್ಳಿ. ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿ, ತೂತಿದ್ದರೆ ಕಾಣುತ್ತೆ. ಕಂಕುಳು, ತೊಡೆಸಂದು, ಜಿಪ್ಪು ಪರೀಕ್ಷೆ ಮಾಡಿ. ಪ್ಯಾಂಟಿನ ಕೆಳಗೆ ಒಳಮಡಿಕೆ ಎಷ್ಟಿದೆ ನೋಡಿಕೊಳ್ಳಿ, ಗಿಡ್ಡವಾದರೆ ಟೈಲರು ಬಿಚ್ಚಿ ಉದ್ದ ಮಾಡಿಕೊಡ್ತಾರೆ. ಮನೆಗೆ ತಂದು ಚೆನ್ನಾಗಿ ಒಗೆದು ಬಿಸಿಲಿಗೆ ಹಾಕಿ. ಇಸ್ತ್ರಿ ಮಾತ್ರ ಹದವಾಗಿರಲಿ, ಕಾದ ಪೆಟ್ಟಿಗೆ ಇಟ್ಟರೆ ಪಾಲಿಯೆಸ್ಟರು ಕರಗಿ ಅಂಟಿಕೊಳ್ಳುತ್ತೆ.

ನನ್ನ ಲೆಕ್ಕ: ಅಂಗಿ ಎಂಬತ್ತು, ಬೆಲ್‌ಬಾಟಮ್ ನೂರಿಪ್ಪತ್ತು, ಟೈಲರಿಗೆ ಅರವತ್ತು.

ಇನ್ನು ಸೈಕಲ್ಲು. ನಂದು ಅಪ್ಪ ತುಳಿದ ಅಟ್ಲಾಸ್. ಆ ಕಂಪನಿಯ ಸಾಹಿಬಾಬಾದ್ ಕಾರ್ಖಾನೆಯಲ್ಲಿ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಕೆಲಸ ನಿಂತುಹೋಯಿತು. ನಮ್ಮನೆಯದು ಇನ್ನೂ ಓಡ್ತಿದೆ! ಸೀಮೆಎಣ್ಣೆ ಬಟ್ಟೆಯಲ್ಲಿ ತುಕ್ಕು ಉಜ್ಜಿ, ಚೈನಿಗೆ ಎಣ್ಣೆ ಬಿಟ್ಟೆ. ಹ್ಯಾಂಡಲ್ಲಿಗೆ ಗೊಂಡೆ, ಕಡ್ಡಿಗಳಿಗೆ ಬಣ್ಣದ ಮಣಿ, ಸೀಟಿಗೆ ಜಾಲರಿ ಕವರು, ಮುಂದೆ ಬಾವುಟ. ಹಳದಿ ಮೇಲೆ, ಕೆಂಪು ಕೆಳಗೆ, ಉಲ್ಟಾ ಕಟ್ಟಿ ಮಾನ ಕಳೀಬೇಡಿ! ಬಣ್ಣದ ಕಾಗದವನ್ನು ಕಡ್ಡಿಗಳ ನಡುವೆ ಹೆಣೆಯಿರಿ, ಆದರೆ ಬ್ರೇಕಿನ ರಬ್ಬರು ತಾಗೋ ಜಾಗಕ್ಕೆ ಬರದಿರಲಿ. ಮಳೆ ಬಂದರೆ ಕಾಗದ ಬಣ್ಣ ಬಿಡುತ್ತೆ ಅಂತ ನೆನಪಿರಲಿ. ಎಲ್ಲ ಸೇರಿ ನೂರೈವತ್ತು. ಒಟ್ಟು ನಾನೂರ ಹತ್ತು.

ಒಂದು ಎಚ್ಚರಿಕೆ. ಬೆಲ್‌ಬಾಟಮ್ಮಿಗೂ ಸೈಕಲ್ ಚೈನಿಗೂ ಜನ್ಮದ್ವೇಷ. ಮೆರವಣಿಗೆ ನಮ್ಮ ಗುಬ್ಬಿಯ ಬಸ್ ಸ್ಟ್ಯಾಂಡ್ ದಾಟೋ ಹೊತ್ತಿಗೆ ನನ್ನ ಬಲಗಾಲಿನ ಪ್ಯಾಂಟು ಚೈನಿಗೆ ಸಿಕ್ಕಿ, ಹೀರೋ ನೇರ ನೆಲಕ್ಕೆ! ಚೈನ್ ಕವರ್ ಇಲ್ಲದ ಸೈಕಲ್ಲಾದರೆ ಕಾಲಿಗೊಂದು ಕ್ಲಿಪ್ಪೋ ರಬ್ಬರ್ ಬ್ಯಾಂಡೋ ಹಾಕಿಕೊಳ್ಳಿ.

ಬಿದ್ದವನನ್ನು ಎತ್ತಿದ್ದು ಹದಿನೇಳರ ಒಬ್ಬ ಹುಡುಗ. ಎಣ್ಣೆ ಮೆತ್ತಿದ ಪ್ಯಾಂಟನ್ನು ಚೈನಿಂದ ಮೆಲ್ಲಗೆ ಬಿಡಿಸಿಕೊಟ್ಟ. ಆಮೇಲೆ ನನ್ನ ಅಂಗಿ ನೋಡಿ, "ಸೂಪರಾಗೈತೆ ಕಣಣ್ಣ, ಎಲ್ಲಿ ತಗೊಂಡ್ರಿ?" ಅಂದ.

"ಬೆಂಗಳೂರಲ್ಲಿ, ದೊಡ್ಡ ಶೋರೂಮಲ್ಲಿ" ಅಂದುಬಿಟ್ಟೆ.

"ಹಂಗಾದ್ರೆ ನಮಗಲ್ಲ ಬಿಡಿ" ಅಂತ ನಕ್ಕು ಹೋದ. ಅವನ ಅಂಗಿಯ ತೋಳು ಮೊಣಕೈಗಿಂತ ಸ್ವಲ್ಪ ಕೆಳಗಿತ್ತು, ಅಷ್ಟೆ. ಬೇರೆ ಯಾರೋ ಅಳತೆಗೆ ಹೊಲಿಸಿದ ಅಂಗಿ. ನನಗೆ ಅದು ಗೊತ್ತಾಗುತ್ತೆ. ಯಾಕೆ ಅಂತ ಹೇಳ್ತೀನಿ.

ಸಿನಿಮಾ ಹುಚ್ಚಿಗೆ ಪಿಯುಸಿ ಬಿಟ್ಟೆ ಅಂತ ಇದೇ ಅಂಕಣದಲ್ಲಿ ಎಷ್ಟೋ ಸಲ ಜಂಭದಿಂದ ಬರೆದಿದ್ದೇನೆ. ಸುಳ್ಳು ಸ್ವಾಮೀ! 2014ರಲ್ಲಿ ಅಮ್ಮ ಸಂತೆಯಿಂದ ನನಗೊಂದು ನೀಲಿ ಚೌಕಳಿ ಅಂಗಿ ತಂದಿದ್ದಳು. ಕಾಲೇಜಿನಲ್ಲಿ ಒಬ್ಬ ಸಹಪಾಠಿ ಜೇಬಿನ ಕೆಳಗಿನ ಇಂಕಿನ ಕಲೆ ನೋಡಿ, "ಏಯ್, ಇದು ನನ್ನ ಅಂಗಿ ಕಣ್ರೋ! ನಮ್ಮಮ್ಮ ಪಾತ್ರೆಯವಳಿಗೆ ಕೊಟ್ಟಿದ್ದು!" ಅಂದ. ಇಡೀ ಕ್ಲಾಸು ನಕ್ಕಿತು. ಮಾರನೇ ದಿನದಿಂದ ನಾನು ಕಾಲೇಜಿಗೆ ಹೋಗಲಿಲ್ಲ. ಮ್ಯಾಟಿನಿಗೆ ಹೋದೆ. ಅಮ್ಮನಿಗೆ ಇವತ್ತಿಗೂ ಕಾರಣ ಹೇಳಿಲ್ಲ.

ಅದೇ ಥರದ ಅಂಗಿಗೆ ಈಗ 'ರೆಟ್ರೋ' ಅಂತ ಹೆಸರು. ಕಾಸಿದ್ದವರು ಹಾಕಿದರೆ ಸ್ಟೈಲು, ಇಲ್ಲದವನು ಹಾಕಿದರೆ ನಗು. ಇದ್ಯಾವ ನ್ಯಾಯ? ಗುಬ್ಬಿ ವೀರಣ್ಣನವರ ಊರಿನವನು ನಾನು. ನಾಟಕದ ಕಂಪನಿಯಲ್ಲಿ ರಾಜನ ಪೋಷಾಕು ಒಬ್ಬನ ಮೈಯಿಂದ ಇನ್ನೊಬ್ಬನ ಮೈಗೆ ಹೋಗುತ್ತಲೇ ಇರುತ್ತೆ. ಸಿನಿಮಾದಲ್ಲೂ ಬಾಡಿಗೆ ಕೋಟು ತೊಟ್ಟವರಿಗೆ ನಾವು ಶಿಳ್ಳೆ ಹೊಡೆದಿದ್ದೇವೆ. ಅಲ್ಲಿ ಕಾಣದ ಅವಮಾನ ನನ್ನ ಅಂಗಿಯಲ್ಲಿ ಎಲ್ಲಿಂದ ಬಂತು?

ಅದಕ್ಕೇ ಮಿತ್ರರೇ, ಬೆಲ್‌ಬಾಟಮ್ ಹಾಕಿ ಮೆರೆಯಿರಿ. ಫುಟ್‌ಪಾತಿನ ಅಜ್ಜಿ ಹತ್ತಿರ ಹತ್ತು ರೂಪಾಯಿಗೆ ಜಗಳ ಆಡಬೇಡಿ, ಅವಳ ಊಟ ಅದರಲ್ಲೇ ಇದೆ. ಯಾರಾದರೂ ಎಲ್ಲಿ ತಗೊಂಡೆ ಅಂತ ಕೇಳಿದರೆ ನಿಜ ಹೇಳಿ. ಇಷ್ಟಪಟ್ಟು ಹಾಕುವ ನಾವೇ ಮುಚ್ಚಿಟ್ಟರೆ, ಬೇರೆ ದಾರಿಯಿಲ್ಲದೆ ಹಾಕುವ ಹುಡುಗ ತಲೆ ಎತ್ತೋದು ಹೇಗೆ?

ಗುಬ್ಬಿಯ ತಮ್ಮಾ, ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಈ ಪತ್ರಿಕೆ ನಿನ್ನ ಕೈಗೆ ಸಿಕ್ಕಿದರೆ ಓದು. ಶೋರೂಮೂ ಇಲ್ಲ, ಗೀರೂಮೂ ಇಲ್ಲ. ಸಂಡೇ ಬಜಾರು, ಎಂಬತ್ತು ರೂಪಾಯಿ. ನಿನಗೂ ಸಿಗುತ್ತೆ. ಕಾಲೇಜು ಮಾತ್ರ ಬಿಡಬೇಡ.