ವೇದಿಕೆ ಏರದ ಮಕ್ಕಳ ಲೆಕ್ಕ

2019ರ ಏಪ್ರಿಲ್‌ನಲ್ಲಿ ಆಸ್ಟ್ರಿಯಾದ ‘ಫಾಲ್ಟರ್’ ವಾರಪತ್ರಿಕೆ ಪ್ರಕಟಿಸಿದ ವರದಿಯೊಂದು ಆ ದೇಶದ ಸಾಂಸ್ಕೃತಿಕ ಪ್ರತಿಷ್ಠೆಗೆ ದೊಡ್ಡ ಪೆಟ್ಟು ನೀಡಿತು. ವಿಯೆನ್ನಾ ಸ್ಟೇಟ್ ಒಪೆರಾದ ಬ್ಯಾಲೆ ಅಕಾಡೆಮಿಯಲ್ಲಿ ಕಲಿಯುತ್ತಿದ್ದ ಮಕ್ಕಳನ್ನು ಹೊಡೆಯಲಾಗುತ್ತಿತ್ತು, ಕೂದಲು ಹಿಡಿದು ಎಳೆಯಲಾಗುತ್ತಿತ್ತು, ಮೈಕಟ್ಟಿನ ಬಗ್ಗೆ ಎಲ್ಲರ ಮುಂದೆ ಹೀಯಾಳಿಸಲಾಗುತ್ತಿತ್ತು ಎಂಬುದು ಅದರ ಸಾರಾಂಶ. ಸರ್ಕಾರ ವಿಶೇಷ ಆಯೋಗವೊಂದನ್ನು ನೇಮಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂದ ಆಯೋಗದ ವರದಿ ಪತ್ರಿಕೆಯ ಆರೋಪಗಳಿಗಿಂತಲೂ ಹೆಚ್ಚು ಆತಂಕ ಹುಟ್ಟಿಸುವಂತಿತ್ತು. ಮಕ್ಕಳಿಗೆ ಸಾಕಷ್ಟು ವೈದ್ಯಕೀಯ ನೆರವು ಇರಲಿಲ್ಲ. ತೆಳ್ಳಗಿರಲು ಸಿಗರೇಟು ಸೇದುವಂತೆ ಅವರಿಗೆ ಸಲಹೆ ನೀಡಲಾಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಮಗುವಿನ ಹಿತ ಅಪಾಯದಲ್ಲಿದೆ ಎಂಬ ಅರಿವೇ ಸಂಸ್ಥೆಗೆ ಇರಲಿಲ್ಲ.

ಇದನ್ನು ಒಬ್ಬಿಬ್ಬರು ಕ್ರೂರ ಶಿಕ್ಷಕರ ಕಥೆ ಎಂದು ಮುಗಿಸಿಬಿಡುವುದು ಸುಲಭ. ಆದರೆ 2020ರಲ್ಲಿ ಬರ್ಲಿನ್ನಿನ ಸರ್ಕಾರಿ ಬ್ಯಾಲೆ ಶಾಲೆಯ ವಿರುದ್ಧ ಇಂಥದೇ ದೂರುಗಳು ಬಂದು ತಜ್ಞರ ಸಮಿತಿಯನ್ನು ರಚಿಸಬೇಕಾಯಿತು. 2022ರಲ್ಲಿ ಜ್ಯೂರಿಚ್‌ನ ನೃತ್ಯ ಅಕಾಡೆಮಿಯ ಸರದಿ ಬಂತು. 2023ರ ಸೆಪ್ಟೆಂಬರ್‌ನಲ್ಲಿ ಬಿಬಿಸಿಯ ತನಿಖಾ ಕಾರ್ಯಕ್ರಮವೊಂದರಲ್ಲಿ ಇಂಗ್ಲೆಂಡಿನ ಎರಡು ಪ್ರಸಿದ್ಧ ಬ್ಯಾಲೆ ಶಾಲೆಗಳ ಹಳೆಯ ವಿದ್ಯಾರ್ಥಿಗಳು ತಮ್ಮ ಅನುಭವಗಳನ್ನು ಬಿಚ್ಚಿಟ್ಟರು. ಇವಕ್ಕೆಲ್ಲ ಬಹಳ ಮೊದಲೇ, 2002ರಲ್ಲಿ, ಪ್ಯಾರಿಸ್ ಒಪೆರಾದ ನೃತ್ಯಶಾಲೆಯ ಬಗ್ಗೆ ಹೊರಗಿನವರು ಸಿದ್ಧಪಡಿಸಿದ ವರದಿಯೊಂದು ಅಲ್ಲಿನ ಶಿಸ್ತಿನ ಕಟುತ್ವವನ್ನೂ ನೋವನ್ನು ನೋವೆಂದೇ ಒಪ್ಪದ ಪರಿಪಾಠವನ್ನೂ ಟೀಕಿಸಿತ್ತು. ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ಆಡಳಿತಗಳ ಅಡಿಯಲ್ಲಿ ಒಂದೇ ಬಗೆಯ ದೂರು ಮರುಕಳಿಸುತ್ತಿದ್ದರೆ ದೋಷ ಇರುವುದು ವ್ಯಕ್ತಿಗಳಲ್ಲಿ ಮಾತ್ರವಲ್ಲ, ವ್ಯವಸ್ಥೆಯ ರಚನೆಯಲ್ಲಿ ಎಂದೇ ತಿಳಿಯಬೇಕಾಗುತ್ತದೆ.

ಈ ರಚನೆ ಬಹಳ ಹಳೆಯದು. ಪ್ಯಾರಿಸ್ ಒಪೆರಾದ ಶಾಲೆ 1713ರಷ್ಟು ಹಿಂದಿನದು. ಇಂದು ವಾಗನೋವಾ ಅಕಾಡೆಮಿ ಎಂದು ಹೆಸರಾಗಿರುವ ಸೇಂಟ್ ಪೀಟರ್ಸ್‌ಬರ್ಗ್‌ನ ಶಾಲೆ 1738ರಲ್ಲಿ ರಷ್ಯಾದ ಸಾಮ್ರಾಜ್ಞಿಯ ಆಜ್ಞೆಯಿಂದ ಆರಂಭವಾಯಿತು. ಅಲ್ಲಿ ಮಕ್ಕಳು ಹತ್ತರ ಆಸುಪಾಸಿನ ವಯಸ್ಸಿಗೆ ಸೇರಿ ಎಂಟು ವರ್ಷ ಕಲಿಯುತ್ತಾರೆ. ಲಂಡನ್ನಿನ ರಾಯಲ್ ಬ್ಯಾಲೆ ಶಾಲೆಯ ಕಿರಿಯ ವಿಭಾಗ 1955ರಿಂದ ರಿಚ್ಮಂಡ್ ಉದ್ಯಾನದ ವೈಟ್ ಲಾಡ್ಜ್ ಎಂಬ ಹಳೆಯ ಅರಮನೆಯಲ್ಲಿ ನಡೆಯುತ್ತಿದೆ. ಅಲ್ಲಿಗೆ ಹನ್ನೊಂದನೇ ವಯಸ್ಸಿಗೆ ಪ್ರವೇಶ. ಇಷ್ಟು ಎಳೆಯ ವಯಸ್ಸೇ ಏಕೆ ಎಂದರೆ, ಸೊಂಟದ ಕೀಲಿನಿಂದ ಕಾಲನ್ನು ಹೊರಕ್ಕೆ ತಿರುಗಿಸಿ ನಿಲ್ಲುವುದು ಬ್ಯಾಲೆಯ ತಳಹದಿ. ಎಲುಬು, ಸ್ನಾಯುಗಳು ಬಲಿಯುವ ಮೊದಲೇ ದೇಹವನ್ನು ಇದಕ್ಕೆ ಒಗ್ಗಿಸಬೇಕು ಎಂಬುದು ಪರಂಪರೆಯ ನಂಬಿಕೆ. ಇದರಲ್ಲಿ ಹುರುಳಿಲ್ಲದಿಲ್ಲ. ಆದರೆ ಕಾಲ್ಬೆರಳ ತುದಿಯ ಮೇಲೆ ನಿಂತು ಕುಣಿಯುವ ಅಭ್ಯಾಸವನ್ನು ಸುಮಾರು ಹನ್ನೆರಡು ವರ್ಷಕ್ಕೆ ಮೊದಲು, ಅದರಲ್ಲೂ ಪಾದ ಮತ್ತು ಬೆನ್ನಿನ ಬಲವನ್ನು ಪರೀಕ್ಷಿಸದೆ, ಆರಂಭಿಸಬಾರದು ಎಂದು ವೈದ್ಯರು ಹೇಳುತ್ತಾರೆ. ದೇಹ ಖರ್ಚು ಮಾಡುವಷ್ಟು ಶಕ್ತಿ ಆಹಾರದಿಂದ ದೊರೆಯದಿದ್ದರೆ ಹೆಣ್ಣುಮಕ್ಕಳ ಮುಟ್ಟು ನಿಲ್ಲುತ್ತದೆ, ಎಲುಬು ಟೊಳ್ಳಾಗುತ್ತದೆ. ಈ ಸ್ಥಿತಿಯ ಕುರಿತು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲೇ ಕ್ರೀಡಾ ಜಗತ್ತನ್ನು ಎಚ್ಚರಿಸಿದ್ದಾರೆ. ಅಂದರೆ ಮಗುವಿನ ದೇಹ ಅತ್ಯಂತ ಸೂಕ್ಷ್ಮವಾಗಿರುವ ವಯಸ್ಸು ಮತ್ತು ಶಾಲೆ ಆ ದೇಹದಿಂದ ಅತಿ ಹೆಚ್ಚು ಬೇಡುವ ವಯಸ್ಸು ಒಂದೇ ಆಗಿದೆ.

ಈಗ ಇದರ ಅರ್ಥಶಾಸ್ತ್ರವನ್ನು ನೋಡೋಣ. ಒಬ್ಬರಿಗಿಂತ ಇನ್ನೊಬ್ಬರ ಪ್ರತಿಭೆ ಕೂದಲೆಳೆಯಷ್ಟು ಹೆಚ್ಚಿದ್ದರೂ ಕೆಲವು ಕ್ಷೇತ್ರಗಳಲ್ಲಿ ಪ್ರತಿಫಲದ ಅಂತರ ಅಜಗಜಾಂತರವಾಗುವುದು ಏಕೆಂಬುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಶೆರ್ವಿನ್ ರೋಸನ್ 1981ರಲ್ಲಿ ವಿವರಿಸಿದ್ದರು. ಬ್ಯಾಲೆ ಅಂಥ ಕ್ಷೇತ್ರ. ಪ್ರತಿಷ್ಠಿತ ಶಾಲೆಗೆ ಸೇರುವುದೇ ಕಷ್ಟ. ಸೇರಿದವರಲ್ಲೂ ಅನೇಕರು ನಡುವೆಯೇ ಹೊರಬೀಳುತ್ತಾರೆ. ಪ್ಯಾರಿಸ್‌ನಲ್ಲಿ ವರ್ಷಕ್ಕೊಮ್ಮೆ ನಡೆಯುವ ಪರೀಕ್ಷೆಯಲ್ಲಿ ತೇರ್ಗಡೆಯಾಗದವರಿಗೆ ಮುಂದಿನ ತರಗತಿ ಇಲ್ಲ. ಕೊನೆಯವರೆಗೆ ಉಳಿದವರಲ್ಲೂ ಎಲ್ಲರಿಗೂ ನೃತ್ಯ ಕಂಪನಿಗಳಲ್ಲಿ ಉದ್ಯೋಗ ದೊರೆಯುವುದಿಲ್ಲ. ಹತ್ತು ವರ್ಷದ ಮಗುವಿನ ಹೆಸರಿನಲ್ಲಿ ಹಿರಿಯರು ಕೊಂಡ ಲಾಟರಿ ಟಿಕೆಟ್ ಇದು. ಬಹುಮಾನ ಬಂದರೆ ಕೀರ್ತಿ ಸಂಸ್ಥೆಗೂ ಸಲ್ಲುತ್ತದೆ. ಬಾರದಿದ್ದರೆ ನಷ್ಟ ಮಗುವಿನದು ಮಾತ್ರ.

ಗೆದ್ದವರಿಗೆ ಆಸರೆ ಇದೆ. ಪ್ಯಾರಿಸ್ ಒಪೆರಾದ ನರ್ತಕರು 42ನೇ ವಯಸ್ಸಿಗೇ ನಿವೃತ್ತಿ ವೇತನ ಪಡೆಯುವ ವಿಶೇಷ ವ್ಯವಸ್ಥೆಯ ಬೇರು 1698ರಲ್ಲಿ, ಹದಿನಾಲ್ಕನೇ ಲೂಯಿಯ ಕಾಲದಲ್ಲಿದೆ. ಅದಕ್ಕೆ ಸಂಚಕಾರ ಬಂದಾಗ, 2019ರ ಡಿಸೆಂಬರ್ 24ರಂದು, ಅವರು ಒಪೆರಾ ಕಟ್ಟಡದ ಮೆಟ್ಟಿಲ ಬಳಿ ಚಳಿಯಲ್ಲೇ ‘ಸ್ವಾನ್ ಲೇಕ್’ನ ಭಾಗವನ್ನು ಪ್ರದರ್ಶಿಸಿ ಪ್ರತಿಭಟಿಸಿದ್ದನ್ನು ಜಗತ್ತು ನೋಡಿತು. ಬ್ರಿಟನ್ನಿನಲ್ಲಿ ವೃತ್ತಿ ಮುಗಿಸಿದ ನರ್ತಕರಿಗೆ ಬೇರೆ ಉದ್ಯೋಗದ ತರಬೇತಿ ಕೊಡಿಸುವ ನಿಧಿ 1973ರಿಂದಲೇ ಇದೆ. ಇವೆಲ್ಲ ಸ್ತುತ್ಯರ್ಹ. ಆದರೆ ಹದಿನಾಲ್ಕನೇ ವಯಸ್ಸಿಗೆ ಮೊಣಕಾಲು ಕೆಡಿಸಿಕೊಂಡು, ಅಥವಾ ‘ನಿನ್ನ ಮೈಕಟ್ಟು ಇದಕ್ಕೆ ಹೊಂದುವುದಿಲ್ಲ’ ಎನ್ನಿಸಿಕೊಂಡು ಮನೆಗೆ ಮರಳಿದ ಹುಡುಗಿಗೆ ಪಿಂಚಣಿಯೂ ಇಲ್ಲ, ಸಂಘವೂ ಇಲ್ಲ, ಪ್ರತಿಭಟಿಸಲು ಮೆಟ್ಟಿಲೂ ಇಲ್ಲ.

ವಸತಿ ಶಾಲೆಯಲ್ಲಿ ಮೂರು ಅಧಿಕಾರಗಳು ಒಂದೇ ಕೈಯಲ್ಲಿ ಸೇರುವುದು ಸಮಸ್ಯೆಯ ಮೂಲ. ಶಾಲೆಯೇ ಗುರು, ಶಾಲೆಯೇ ಪೋಷಕ, ಉದ್ಯೋಗದ ಬಾಗಿಲು ಕಾಯುವುದೂ ಶಾಲೆಯೇ. ನೋವಿದೆ ಎಂದು ಹೇಳಿಕೊಳ್ಳಬೇಕಾದದ್ದು ನಾಳೆ ಪಾತ್ರ ಹಂಚುವವರ ಬಳಿಯೇ ಆದರೆ ಯಾವ ಮಗು ತಾನೇ ಬಾಯಿ ಬಿಟ್ಟೀತು? ತಂದೆ ತಾಯಿಯರೂ ಅಷ್ಟೇ. ಸಿಕ್ಕ ಸೀಟು ಎಲ್ಲಿ ಕೈತಪ್ಪುವುದೋ ಎಂಬ ಭಯ ಅವರ ಬಾಯಿ ಕಟ್ಟುತ್ತದೆ. ಸಂಸ್ಥೆಗೆ ಎಲ್ಲವೂ ಗೊತ್ತು, ಪೋಷಕರಿಗೆ ಏನೂ ಗೊತ್ತಿಲ್ಲ ಎಂಬಂಥ ಮಾಹಿತಿಯ ಅಸಮತೆ ಇರುವ ಕಡೆ ‘ಅವರೇ ಒಪ್ಪಿ ಸೇರಿಸಿದ್ದಾರೆ’ ಎಂಬ ಸಮಜಾಯಿಷಿ ನಿಲ್ಲುವುದಿಲ್ಲ.

ಕಠಿಣ ಶಿಸ್ತಿಲ್ಲದೆ ಶ್ರೇಷ್ಠ ಕಲೆ ಹುಟ್ಟೀತೇ ಎಂದು ಕೆಲವರು ಕೇಳಬಹುದು. ಖಂಡಿತ ಹುಟ್ಟದು. ಆದರೆ ಶಿಸ್ತು ಬೇರೆ, ಭಯ ಬೇರೆ. ದಿನಕ್ಕೆ ನೂರು ಬಾರಿ ಒಂದೇ ಚಲನೆಯನ್ನು ತಿದ್ದಿಸುವುದು ಶಿಸ್ತು. ಮುರಿದ ಎಲುಬನ್ನು ಮುಚ್ಚಿಟ್ಟುಕೊಂಡು ಕುಣಿಯುವಂತೆ ಮಾಡುವುದು ಭಯ. ಎರಡನೆಯದರಿಂದ ಕಲೆಗೂ ನಷ್ಟವೇ, ಏಕೆಂದರೆ ಎಳವೆಯಲ್ಲಿ ಗಾಯಗೊಂಡ ದೇಹ ವೇದಿಕೆಯ ಮೇಲೆ ಬಹುಕಾಲ ಬಾಳುವುದಿಲ್ಲ.

ಈ ಚರ್ಚೆ ನಮಗೆ ದೂರದ್ದೇನೂ ಅಲ್ಲ. ಬ್ಯಾಲೆ ತರಗತಿಗಳಿಗೆ ಮಕ್ಕಳನ್ನು ಕಳುಹಿಸುವ ಕುಟುಂಬಗಳು ಬೆಂಗಳೂರಿನಲ್ಲೂ ಇವೆ. ಮುಂಬೈಯ ವೆಲ್ಡರ್ ಒಬ್ಬರ ಮಗ ಅಮೀರುದ್ದೀನ್ ಶಾ 2017ರಲ್ಲಿ ರಾಯಲ್ ಬ್ಯಾಲೆ ಶಾಲೆಗೆ ಆಯ್ಕೆಯಾದಾಗ ನಾವೆಲ್ಲ ಸಂಭ್ರಮಿಸಿದೆವು. ಆ ಕಥೆಯಿಂದ ಪ್ರೇರಿತವಾದ ಚಲನಚಿತ್ರವೂ 2020ರಲ್ಲಿ ಬಂತು. ಸಂಭ್ರಮ ಸಹಜವೇ. ಆದರೆ ಗೆದ್ದವರ ಕಥೆಯನ್ನಷ್ಟೇ ಕೇಳಿದ ಪೋಷಕರು ಟಿಕೆಟಿನ ಬೆಲೆಯನ್ನು ಸರಿಯಾಗಿ ಅಂದಾಜು ಮಾಡಲಾರರು.

ಇನ್ನೂ ಆಳವಾದ ನಂಟೊಂದಿದೆ. ಚೆನ್ನೈನ ಕಲಾಕ್ಷೇತ್ರವನ್ನು 1936ರಲ್ಲಿ ಸ್ಥಾಪಿಸಿದ ರುಕ್ಮಿಣಿದೇವಿ ಅರುಂಡೇಲ್ ಮೊದಲು ಕಲಿತದ್ದು ಬ್ಯಾಲೆಯನ್ನು, ಅದೂ ರಷ್ಯಾದ ಮಹಾನ್ ನರ್ತಕಿ ಅನ್ನಾ ಪಾವ್ಲೋವಾ ಅವರ ತಂಡದ ಕಲಾವಿದೆಯಿಂದ. ನಿಮ್ಮ ನಾಡಿನ ನೃತ್ಯದ ಕಡೆಗೆ ನೋಡಿ ಎಂದು ಅವರಿಗೆ ಪ್ರೇರಣೆ ಕೊಟ್ಟವರೂ ಪಾವ್ಲೋವಾ ಅವರೇ. ಕೇಂದ್ರ ಸಂಸ್ಕೃತಿ ಸಚಿವಾಲಯದ ಅಡಿಯಲ್ಲಿರುವ ಆ ಸಂಸ್ಥೆಯಲ್ಲಿ 2023ರಲ್ಲಿ ಲೈಂಗಿಕ ಕಿರುಕುಳದ ಆರೋಪ ಮಾಡಿ ವಿದ್ಯಾರ್ಥಿಗಳು ಬೀದಿಗಿಳಿದರು. ಅದಕ್ಕೆ ಮುನ್ನ ಆಂತರಿಕ ವಿಚಾರಣೆ ಆರೋಪಗಳಲ್ಲಿ ಹುರುಳಿಲ್ಲ ಎಂದಿತ್ತು. ಪ್ರತಿಭಟನೆಯ ನಂತರ ಬೋಧಕರೊಬ್ಬರ ಬಂಧನವಾಯಿತು. ನಿವೃತ್ತ ನ್ಯಾಯಮೂರ್ತಿಯೊಬ್ಬರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು. ತಪ್ಪು ಯಾರದೆಂಬುದನ್ನು ನ್ಯಾಯಾಲಯ ನಿರ್ಧರಿಸಲಿ. ಆದರೆ ದೂರು ಕೇಳುವ ಕಿವಿ ಸಂಸ್ಥೆಯ ಒಳಗೇ ಇದ್ದರೆ ಅದಕ್ಕೆ ಕೇಳಿಸುವುದು ಕಡಿಮೆ ಎಂಬ ಪಾಠ ವಿಯೆನ್ನಾಕ್ಕೂ ಚೆನ್ನೈಗೂ ಸಮಾನ. ಆಯ್ದ ಮಕ್ಕಳನ್ನು ಚಿಕ್ಕ ವಯಸ್ಸಿಗೇ ಮನೆಯಿಂದ ದೂರ ಇರಿಸಿ ತಯಾರು ಮಾಡುವ ನಮ್ಮ ಕ್ರೀಡಾ ವಸತಿನಿಲಯಗಳಿಗೂ ಈ ಪಾಠ ಅನ್ವಯಿಸುತ್ತದೆ.

ಹಾಗಾದರೆ ಮಾಡಬೇಕಾದುದೇನು? ಇಂಗ್ಲೆಂಡಿನ ಶಿಕ್ಷಣ ಇಲಾಖೆ ಪೋಷಕರ ಆದಾಯ ನೋಡಿ ಇಂಥ ಶಾಲೆಗಳ ಮಕ್ಕಳ ಶುಲ್ಕ ಭರಿಸುತ್ತದೆ. ಬರ್ಲಿನ್, ಪ್ಯಾರಿಸ್, ಚೆನ್ನೈಗಳಲ್ಲೂ ಸಾರ್ವಜನಿಕ ಹಣವಿದೆ. ಹಣ ಕೊಡುವವರಿಗೆ ಷರತ್ತು ವಿಧಿಸುವ ಅಧಿಕಾರವೂ ಇದೆ, ಹೊಣೆಯೂ ಇದೆ. ಮೊದಲನೆಯದಾಗಿ, ಸಾಮಾನ್ಯ ಶಿಕ್ಷಣ ನೃತ್ಯದ ಬಾಲಂಗೋಚಿಯಾಗಬಾರದು; ಯಾವ ವರ್ಷ ಹೊರಬಂದರೂ ಮಗು ತನ್ನ ಓರಗೆಯವರ ತರಗತಿಗೆ ಸೇರುವಂತಿರಬೇಕು. ಎರಡನೆಯದಾಗಿ, ಮಕ್ಕಳನ್ನು ನೋಡುವ ವೈದ್ಯರು ಮತ್ತು ಮನಶ್ಶಾಸ್ತ್ರಜ್ಞರು ಶಾಲೆಯ ಮುಖ್ಯಸ್ಥರಿಗೆ ಅಧೀನರಾಗಿರಬಾರದು; ‘ಇಂದು ಈ ಮಗು ಕುಣಿಯಕೂಡದು’ ಎಂದು ಅವರು ಹೇಳಿದರೆ ಅದೇ ಕೊನೆಯ ಮಾತಾಗಬೇಕು. ಮೂರನೆಯದಾಗಿ, ದೂರು ಸ್ವೀಕರಿಸುವ ಪ್ರಾಧಿಕಾರ ಸಂಸ್ಥೆಯ ಹೊರಗಿರಬೇಕು. ನಾಲ್ಕನೆಯದಾಗಿ, ಪ್ರತಿ ವರ್ಷ ಎಷ್ಟು ಮಕ್ಕಳು ಸೇರಿದರು, ಎಷ್ಟು ಮಂದಿ ನಡುವೆ ಬಿಟ್ಟರು, ಏಕೆ ಬಿಟ್ಟರು, ಎಷ್ಟು ಮಂದಿಗೆ ಉದ್ಯೋಗ ದೊರೆಯಿತು, ಉಳಿದವರು ಐದು ವರ್ಷಗಳ ನಂತರ ಏನು ಮಾಡುತ್ತಿದ್ದಾರೆ ಎಂಬ ಲೆಕ್ಕವನ್ನು ಸಂಸ್ಥೆ ಪ್ರಕಟಿಸಬೇಕು.

ಈ ನಾಲ್ಕರಲ್ಲಿ ಅತ್ಯಂತ ಅಗ್ಗದ್ದೂ ಅತಿ ಹೆಚ್ಚು ವಿರೋಧ ಎದುರಿಸುವುದೂ ಕೊನೆಯದು. ಸರ್ಕಾರಿ ಸೇವೆಯಲ್ಲಿದ್ದಾಗ ಅನುದಾನ ಬಳಕೆಯ ಪ್ರಮಾಣಪತ್ರಗಳನ್ನು ಸಾಕಷ್ಟು ನೋಡಿದ್ದೇನೆ. ಅವುಗಳಲ್ಲಿ ಕಟ್ಟಡದ ಚದರಡಿ ಇರುತ್ತದೆ, ಗೆದ್ದ ಪದಕಗಳ ಸಂಖ್ಯೆ ಇರುತ್ತದೆ; ಬಿಟ್ಟುಹೋದ ಮಕ್ಕಳಿಗೆ ಒಂದು ಅಂಕಣವೂ ಇರುವುದಿಲ್ಲ. ಮುಂದಿನ ಅನುದಾನದ ಕಂತು ಬಿಡುಗಡೆ ಮಾಡುವ ಮುನ್ನ ಆ ಒಂದು ಅಂಕಣವನ್ನು ಸೇರಿಸಲು ಹೊಸ ಕಾನೂನು ಬೇಕಿಲ್ಲ, ಇಲಾಖೆಯ ಒಂದು ಸುತ್ತೋಲೆ ಸಾಕು.